ಕಾಣದ ಯಜಮಾನ: ಜಾಲತಾಣಗಳ ಆಯ್ಕೆಸೂತ್ರ ಮತ್ತು ಜನಪದ ಕಲಾವಿದ–ಕೇಳುಗರ ಸಂಬಂಧ

೧. ಪ್ರವೇಶಿಕೆ

ಜಾನಪದವು ಬದುಕುವುದು ಹಾಡುವವರ ಬಾಯಲ್ಲಿ ಮಾತ್ರವಲ್ಲ, ಕೇಳುವವರ ಒಪ್ಪಿಗೆಯಲ್ಲಿಯೂ ಹೌದು ಎಂಬುದು ವಿದ್ವಾಂಸರು ಬಹು ಹಿಂದೆಯೇ ಕಂಡುಕೊಂಡ ಸಂಗತಿ. ಪ್ಯೋತರ್ ಬೊಗತಿರೆವ್ ಮತ್ತು ರೋಮನ್ ಯಾಕಬ್‌ಸನ್ ೧೯೨೯ರಲ್ಲಿ ಜಂಟಿಯಾಗಿ ಪ್ರಕಟಿಸಿದ ಪ್ರಬಂಧದಲ್ಲಿ ಈ ವಿಚಾರಕ್ಕೆ ಸೈದ್ಧಾಂತಿಕ ರೂಪವನ್ನು ಕೊಟ್ಟರು. ಲಿಖಿತ ಕೃತಿಯೊಂದನ್ನು ಅದರ ಕಾಲದ ಓದುಗರು ತಿರಸ್ಕರಿಸಿದರೂ ಅದು ಕಪಾಟಿನಲ್ಲಿ ಉಳಿದು ಮುಂದಿನ ತಲೆಮಾರಿನ ಓದುಗರಿಗಾಗಿ ಕಾಯಬಲ್ಲದು. ಮೌಖಿಕ ರಚನೆಗೆ ಆ ಅವಕಾಶವಿಲ್ಲ. ಸಮುದಾಯವು ಒಪ್ಪಿ ಮತ್ತೆ ಮತ್ತೆ ಹಾಡಿದರೆ ಅದು ಉಂಟು. ಒಪ್ಪದಿದ್ದರೆ ಹುಟ್ಟಿದಲ್ಲಿಯೇ ಇಲ್ಲವಾಗುತ್ತದೆ. ಸಮುದಾಯದ ಈ ಆಯ್ಕೆಯನ್ನು ಅವರು ‘ಮುನ್ನಿರ್ಬಂಧ’ ಎಂಬ ಅರ್ಥದ ಪರಿಭಾಷೆಯಿಂದ ಗುರುತಿಸಿದರು.

ಇಂದು ಜನಪದ ಹಾಡುಗಾರಿಕೆಯ ಬಹುಭಾಗ ಯೂಟ್ಯೂಬ್, ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗಳ ಮೂಲಕ ಜನರನ್ನು ತಲಪುತ್ತಿದೆ. ಯಾವ ಹಾಡು ಯಾರ ಕಣ್ಣಿಗೆ ಬೀಳಬೇಕು, ಯಾವುದು ಬೀಳಬಾರದು ಎಂಬುದನ್ನು ಅಲ್ಲಿ ನಿರ್ಧರಿಸುವುದು ಅಲ್ಗಾರಿದಮ್. ಅಂದರೆ ಗಣಕಯಂತ್ರಕ್ಕೆ ಕೊಟ್ಟ ಹಂತ ಹಂತದ ಸೂಚನೆಗಳ ಕ್ರಮ. ಪ್ರಸ್ತುತ ಲೇಖನದಲ್ಲಿ ಇದನ್ನು ‘ಆಯ್ಕೆಸೂತ್ರ’ ಎಂದು ಕರೆಯಲಾಗಿದೆ. ಜನರು ನೋಡಿದ್ದನ್ನೇ ಈ ಸೂತ್ರ ಮುಂದೆ ತರುತ್ತದೆಯಾದ್ದರಿಂದ ಇದು ಹಳೆಯ ಸಮುದಾಯ ಸಮ್ಮತಿಯ ಹೊಸ ರೂಪವೇ ಸರಿ ಎಂಬ ವಾದವೊಂದು ಕೇಳಿಬರುತ್ತದೆ. ಮೇಲ್ನೋಟಕ್ಕೆ ಒಪ್ಪಿತವೆನಿಸುವ ಈ ವಾದವನ್ನು ಕರ್ನಾಟಕದ ಪ್ರದರ್ಶನ ಪರಂಪರೆಗಳ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಇಲ್ಲಿನ ಉದ್ದೇಶ.

೨. ಎದುರಿಗಿದ್ದ ಕೇಳುಗ

ಜನಪದ ಕಲಾವಿದ ಮತ್ತು ಕೇಳುಗರ ನಡುವಣ ನಂಟು ಎಲ್ಲ ಪ್ರಕಾರಗಳಲ್ಲಿಯೂ ಒಂದೇ ಬಗೆಯದಲ್ಲ. ಸೋಬಾನೆಯಲ್ಲಿ ಹಾಡುವವರೂ ಕೇಳುವವರೂ ಒಂದೇ ಮನೆಯ, ಒಂದೇ ಕೇರಿಯ ಹೆಣ್ಣುಮಕ್ಕಳು. ಮದುಮಗಳ ಹೆಸರು, ಸೋದರಮಾವನ ಹೆಸರು ಹಾಡಿನೊಳಗೇ ಬಂದು ಸೇರುತ್ತವೆ. ಉತ್ತರ ಕರ್ನಾಟಕದ ಗೀಗೀ ಮೇಳಗಳಲ್ಲಿ ಹರದೇಶಿ ಪಕ್ಷ ಗಂಡು ಹೆಚ್ಚೆಂದರೆ ನಾಗೇಶಿ ಪಕ್ಷ ಹೆಣ್ಣು ಹೆಚ್ಚೆನ್ನುತ್ತದೆ. ಸವಾಲಿಗೆ ಜವಾಬು ಸರಿಯಾಗಿ ಬಂದಿತೋ ಇಲ್ಲವೋ ಎಂಬುದಕ್ಕೆ ನೆರೆದ ಜನರೇ ಸಾಕ್ಷಿ. ಹಳೆ ಮೈಸೂರು ಸೀಮೆಯ ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿಯ ಕಥೆಯನ್ನು ಹಾಡುವಾಗ ಕೇಳುವವರಲ್ಲಿ ಅನೇಕರು ಅದೇ ಪರಂಪರೆಯ ಒಕ್ಕಲಿನವರು. ಕಥೆ ಅವರಿಗೆ ಮೊದಲೇ ಗೊತ್ತು. ಗೊತ್ತಿರುವುದರಿಂದಲೇ ಸಾಲು ತಪ್ಪಿದರೆ ತಿದ್ದುವ ಅಧಿಕಾರವೂ ಅವರಿಗಿದೆ.

ಈ ಸಂಬಂಧದ ಅತ್ಯಂತ ಸ್ಪಷ್ಟ ರೂಪವನ್ನು ಹೆಳವರಲ್ಲಿ ಕಾಣಬಹುದು. ಎತ್ತಿನ ಮೇಲೆ ಕುಳಿತು ಊರೂರು ಸುತ್ತುವ ಹೆಳವರು ಮನೆತನಗಳ ವಂಶಾವಳಿಯನ್ನು ಹೇಳುವವರು. ಯಾವ ಮನೆತನ ಯಾವ ಹೆಳವ ಕುಟುಂಬಕ್ಕೆ ಸೇರಿದ್ದೆಂಬುದು ತಲೆಮಾರುಗಳಿಂದ ಹರಿದುಬಂದ ಹಕ್ಕು. ಹೆಳವನಿಗೆ ಕೇಳುಗರ ಅಜ್ಜ ಮುತ್ತಜ್ಜಂದಿರ ಹೆಸರು ಬಾಯಿಪಾಠ. ಮನೆಯವರಿಗೆ ಹೆಳವನಿಗೆ ಕೊಡಬೇಕಾದ ಕಾಣಿಕೆ ಬಾಧ್ಯತೆ. ಇಲ್ಲಿ ಕಲಾವಿದನೆಂದರೆ ಕೇಳುಗರ ನೆನಪನ್ನು ಕಾಯುವವನು. ಕೇಳುಗರೆಂದರೆ ಕಲಾವಿದನ ಹೊಟ್ಟೆಯನ್ನು ಕಾಯುವವರು. ಯಲ್ಲಮ್ಮನ ಜೋಗತಿಯರ ಪಡ್ಡಲಗಿ ತುಂಬಿಸುವುದರಲ್ಲಿ, ಕರಾವಳಿಯ ಯಕ್ಷಗಾನ ಮೇಳಗಳ ಹರಕೆಯಾಟಗಳಲ್ಲಿ ಇದೇ ಪರಸ್ಪರ ಬಾಧ್ಯತೆ ಬೇರೆ ಬೇರೆ ರೂಪಗಳಲ್ಲಿ ಕೆಲಸ ಮಾಡುತ್ತದೆ. ಹರಕೆಯಾಟವು ದೈವಕ್ಕೆ ಸಲ್ಲುವ ಸೇವೆಯಾದ್ದರಿಂದ ಎಷ್ಟು ಜನ ಸೇರಿದರು ಎಂಬುದು ಅದರ ಸಾರ್ಥಕ್ಯವನ್ನು ನಿರ್ಧರಿಸುವುದಿಲ್ಲ ಎಂಬುದನ್ನು ವಿಶೇಷವಾಗಿ ಗಮನಿಸಬೇಕು.

೧೯೮೦ರ ದಶಕದಲ್ಲಿ ವ್ಯಾಪಕವಾದ ಧ್ವನಿಸುರುಳಿಯು ಹಾಡುವವರನ್ನೂ ಕೇಳುವವರನ್ನೂ ಮೊದಲ ಬಾರಿಗೆ ದೊಡ್ಡ ಪ್ರಮಾಣದಲ್ಲಿ ಅಗಲಿಸಿತು. ಆದರೂ ಕ್ಯಾಸೆಟ್ಟನ್ನು ಅಂಗಡಿಯಲ್ಲಿ ಆರಿಸಿಕೊಂಡವನು ಕೇಳುಗನೇ. ಒಮ್ಮೆ ಕೊಂಡ ಕ್ಯಾಸೆಟ್ಟು ಅವನ ಮನೆಯಲ್ಲಿಯೇ ಇರುತ್ತಿತ್ತು. ಇಂದಿನ ಸ್ಥಿತಿಯು ಇದಕ್ಕಿಂತ ಭಿನ್ನವಾದುದು.

೩. ಆಯ್ಕೆಸೂತ್ರದ ಕಾರ್ಯವಿಧಾನ

ಜಾಲತಾಣಗಳು ಆರಂಭದಲ್ಲಿ ಅನುಸರಿಸುತ್ತಿದ್ದ ಕ್ರಮ ಸರಳವಾಗಿತ್ತು. ಒಬ್ಬ ವ್ಯಕ್ತಿಯನ್ನು ಅನುಸರಿಸಿದರೆ ಅವನು ಹಾಕಿದ್ದೆಲ್ಲವೂ ಕಾಲಾನುಕ್ರಮದಲ್ಲಿ ಕಾಣಿಸುತ್ತಿತ್ತು. ಇನ್‌ಸ್ಟಾಗ್ರಾಮ್ ೨೦೧೬ರಲ್ಲಿ ಈ ಕ್ರಮವನ್ನು ಕೈಬಿಡುವುದಾಗಿ ಪ್ರಕಟಿಸಿದಾಗ, ಬಳಕೆದಾರರು ತಮ್ಮ ಪುಟದಲ್ಲಿ ಬರುವ ವಿಷಯಗಳಲ್ಲಿ ಸರಾಸರಿ ಶೇಕಡ ೭೦ರಷ್ಟನ್ನು ನೋಡದೆಯೇ ಬಿಡುತ್ತಾರೆಂಬ ಕಾರಣವನ್ನು ಕೊಟ್ಟಿತು. ಎಲ್ಲವನ್ನೂ ನೋಡಲಾಗದ ಮೇಲೆ ಯಾವುದನ್ನು ಮೊದಲು ತೋರಿಸಬೇಕೆಂಬುದನ್ನು ಸಂಸ್ಥೆಯೇ ನಿರ್ಧರಿಸತೊಡಗಿತು. ಕಾಲಾನುಕ್ರಮದಲ್ಲಿ ನೋಡುವ ಅವಕಾಶವನ್ನು ೨೦೨೨ರಲ್ಲಿ ಮತ್ತೆ ಕೊಟ್ಟರೂ ಅದು ಬಳಕೆದಾರ ತಾನಾಗಿ ಆರಿಸಿಕೊಳ್ಳಬೇಕಾದ ಪರ್ಯಾಯವಾಗಿಯೇ ಉಳಿಯಿತು.

ಯೂಟ್ಯೂಬ್ ೨೦೧೨ರಲ್ಲಿ ವೀಕ್ಷಣೆಗಳ ಎಣಿಕೆಗಿಂತ ವೀಕ್ಷಣೆಯ ಅವಧಿಗೆ ಹೆಚ್ಚು ಮಹತ್ವ ಕೊಡಲಾರಂಭಿಸಿತು. ಆ ಸಂಸ್ಥೆಯ ತಂತ್ರಜ್ಞರು ೨೦೧೬ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಆಯ್ಕೆಯ ಎರಡು ಹಂತಗಳನ್ನು ವಿವರಿಸುತ್ತದೆ. ಲಕ್ಷಾಂತರ ವಿಡಿಯೊಗಳ ರಾಶಿಯಿಂದ ಒಬ್ಬ ನೋಡುಗನಿಗೆ ಹೊಂದಬಹುದಾದ ಕೆಲವು ನೂರನ್ನು ಜರಡಿ ಹಿಡಿಯುವುದು ಮೊದಲನೆಯದು. ಹಾಗೆ ಉಳಿದವುಗಳಲ್ಲಿ ಯಾವುದನ್ನು ಅವನು ಹೆಚ್ಚು ಹೊತ್ತು ನೋಡಬಹುದೆಂದು ಅಂದಾಜಿಸಿ ಶ್ರೇಣಿ ಕಟ್ಟುವುದು ಎರಡನೆಯದು. ಯೂಟ್ಯೂಬ್‌ನಲ್ಲಿ ಜನರು ಕಳೆಯುವ ಸಮಯದಲ್ಲಿ ಶೇಕಡ ೭೦ಕ್ಕೂ ಹೆಚ್ಚಿನ ಪಾಲು ಹೀಗೆ ಯಂತ್ರವೇ ಸೂಚಿಸಿದ ವಿಡಿಯೊಗಳಿಂದ ಬರುತ್ತದೆಂದು ಸಂಸ್ಥೆಯ ಹಿರಿಯ ಅಧಿಕಾರಿಯೊಬ್ಬರು ೨೦೧೮ರಲ್ಲಿ ಹೇಳಿದ್ದರು. ಅಂದರೆ ನೋಡುಗನು ತಾನಾಗಿ ಹುಡುಕಿ ಬರುವುದು ಗೌಣ. ಸೂತ್ರ ಕರೆತಂದು ಕೂರಿಸುವುದೇ ಮುಖ್ಯ.

ಫೇಸ್‌ಬುಕ್ ೨೦೧೮ರ ಜನವರಿಯಲ್ಲಿ ಸ್ನೇಹಿತರು ಮತ್ತು ಕುಟುಂಬದವರ ನಡುವಣ ‘ಅರ್ಥಪೂರ್ಣ’ ಒಡನಾಟಕ್ಕೆ ಆದ್ಯತೆ ಕೊಡುವುದಾಗಿ ಸಾರಿತು. ಒಡನಾಟದ ಅರ್ಥವನ್ನು ಯಂತ್ರ ಅಳೆಯಲಾರದು. ಅದು ಅಳೆಯಬಲ್ಲದ್ದು ಪ್ರತಿಕ್ರಿಯೆಗಳ ಸಂಖ್ಯೆಯನ್ನು. ೨೦೨೧ರಲ್ಲಿ ಬಹಿರಂಗಗೊಂಡ ಅದರ ಆಂತರಿಕ ದಾಖಲೆಗಳ ಪ್ರಕಾರ, ೨೦೧೭ರಿಂದ ಕೋಪವೂ ಸೇರಿದಂತೆ ಭಾವಸೂಚಕ ಚಿಹ್ನೆಗಳಿಗೆ ಮೆಚ್ಚುಗೆಯ ಗುರುತಿಗಿಂತ ಐದು ಪಟ್ಟು ತೂಕವಿತ್ತು. ಕೋಪದ ಚಿಹ್ನೆಯ ತೂಕವನ್ನು ೨೦೨೦ರಲ್ಲಿ ಸೊನ್ನೆಗೆ ಇಳಿಸಲಾಯಿತು. ತೂಕದ ಕಲ್ಲನ್ನು ಬದಲಿಸಿದ ವಿಷಯ ತೂಗಿಸಿಕೊಳ್ಳುವವರಿಗೆ ಆಗ ತಿಳಿದಿರಲಿಲ್ಲ ಎಂಬುದು ಇಲ್ಲಿ ಮುಖ್ಯ.

೪. ಪ್ರದರ್ಶನದ ಮೇಲಿನ ಪರಿಣಾಮ

ಸೂತ್ರವು ಮೊದಲು ಮುಟ್ಟುವುದು ಪ್ರದರ್ಶನದ ಆರಂಭವನ್ನು. ಮೌಖಿಕ ಮಹಾಕಾವ್ಯಗಳು ಸ್ತುತಿಯಿಂದ ತೊಡಗುತ್ತವೆ, ಬಯಲಾಟಕ್ಕೆ ಪೂರ್ವರಂಗವಿದೆ. ಗುರುವನ್ನು, ದೇವರನ್ನು, ನೆರೆದ ದೈವವನ್ನು ನೆನೆಯುವ ಈ ಭಾಗವು ಕೇವಲ ಅಲಂಕಾರವಲ್ಲ. ಸಾಮಾನ್ಯ ಸಂಜೆಯನ್ನು ಕಥೆಯ ರಾತ್ರಿಯಾಗಿ ಮಾರ್ಪಡಿಸುವ ಕ್ರಿಯೆ ಅದು. ನೋಡುಗನು ಮೊದಲ ಕೆಲವು ಕ್ಷಣಗಳಲ್ಲಿಯೇ ಮುಂದಿನ ವಿಡಿಯೊಕ್ಕೆ ಸರಿದುಬಿಟ್ಟರೆ ಸೂತ್ರದ ಲೆಕ್ಕದಲ್ಲಿ ಆ ಹಾಡಿನ ಶ್ರೇಣಿ ಇಳಿಯುತ್ತದೆ. ಆದ್ದರಿಂದ ಸ್ತುತಿಯನ್ನು ಕತ್ತರಿಸಿ, ಕಥೆಯ ಅತ್ಯಂತ ರಭಸದ ಭಾಗವನ್ನೇ ತಲೆಗೆ ಇಡುವುದು ವಿಡಿಯೊ ಸಿದ್ಧಪಡಿಸುವವರ ರೂಢಿಯಾಗುತ್ತದೆ. ದೇಹ ಉಳಿದರೂ ಹೊಸ್ತಿಲು ಹೋಗುತ್ತದೆ.

ಎರಡನೆಯದು ಅವಧಿ. ೨೦೨೦ರ ಸೆಪ್ಟೆಂಬರಿನಲ್ಲಿ ಭಾರತದಲ್ಲಿಯೇ ಮೊದಲು ಪರಿಚಯಿಸಲಾದ ಯೂಟ್ಯೂಬ್ ಶಾರ್ಟ್ಸ್‌ನ ಮಿತಿ ಬಹುಕಾಲ ೬೦ ಸೆಕೆಂಡುಗಳಾಗಿತ್ತು. ೨೦೨೪ರ ಅಕ್ಟೋಬರಿನಲ್ಲಿ ಅದು ಮೂರು ನಿಮಿಷಕ್ಕೆ ಏರಿತು. ರಾತ್ರಿಯಿಡೀ ನಡೆಯುವ ಆಟದಿಂದ ಈ ಅಳತೆಗೆ ಸಿಕ್ಕುವುದು ಹಾಸ್ಯಗಾರನ ಒಂದು ಮಾತು, ಭಾಗವತರ ಏರುಶ್ರುತಿಯ ಒಂದು ಪದ್ಯ, ವೇಷದ ಒಂದು ಪ್ರವೇಶ. ಇವು ರಂಜನೀಯವಲ್ಲವೆಂದಲ್ಲ. ಕಥೆಯ ಭಾರವನ್ನು ಹೊರುವ ಮಂದಗತಿಯ ಸಂಭಾಷಣೆ, ಶೋಕದ ದೀರ್ಘ ಭಾಗಗಳು ಈ ಅಳತೆಯಲ್ಲಿ ಹಿಡಿಯುವುದಿಲ್ಲವೆಂಬುದು ಸಮಸ್ಯೆ. ಹಾಗೆಂದು ಎಲ್ಲ ಸಂಕ್ಷೇಪಕ್ಕೂ ಜಾಲತಾಣವನ್ನೇ ಹೊಣೆ ಮಾಡುವುದು ಸಲ್ಲದು. ಯಕ್ಷಗಾನದ ಕಾಲಮಿತಿ ಪ್ರದರ್ಶನಗಳು ಜಾಲತಾಣಗಳು ವ್ಯಾಪಿಸುವ ಮೊದಲೇ ಕಾಣಿಸಿಕೊಂಡಿದ್ದವು. ಆದರೆ ಕಾಲಮಿತಿಯ ಬಗ್ಗೆ ಕಲಾವಿದರು, ಸಂಘಟಕರು, ಪ್ರೇಕ್ಷಕರು ಬಹಿರಂಗವಾಗಿ ಚರ್ಚಿಸಿದರು. ಪರವಾಗಿ ವಿರುದ್ಧವಾಗಿ ಬರೆದರು. ಸೂತ್ರ ವಿಧಿಸುವ ಮಿತಿಯ ಕುರಿತು ಹಾಗೆ ಚರ್ಚಿಸಲು ಎದುರುಪಕ್ಷವೇ ಇಲ್ಲ.

ವಾಲ್ಟರ್ ಆಂಡರ್‌ಸನ್ ೧೯೨೩ರಲ್ಲಿ ಮಂಡಿಸಿದ ‘ಸ್ವಯಂ ತಿದ್ದುಪಡಿ’ಯ ನಿಯಮವನ್ನು ಇಲ್ಲಿ ನೆನೆಯಬಹುದು. ಕಥನಕಾರನು ಒಂದೇ ಕಥೆಯನ್ನು ಹಲವರಿಂದ ಹಲವು ಸಲ ಕೇಳಿರುತ್ತಾನೆ; ಆದ್ದರಿಂದ ಒಬ್ಬನ ತಪ್ಪನ್ನು ಇನ್ನೊಬ್ಬನ ಪಾಠ ಸರಿಪಡಿಸುತ್ತದೆ. ಸೂತ್ರದ ಜಗತ್ತಿನಲ್ಲಿ ಆಗುವುದು ಇದರ ವಿಪರ್ಯಾಸ. ಒಂದು ಪಾಠ ಜನಪ್ರಿಯವಾದೊಡನೆ ಅದೇ ಪಾಠ ಎಲ್ಲರಿಗೂ ಮತ್ತೆ ಮತ್ತೆ ತೋರುತ್ತದೆ. ಹೊಸದಾಗಿ ಕಲಿಯುವವರು ಅದನ್ನೇ ಅನುಕರಿಸುತ್ತಾರೆ. ತಪ್ಪಿದ್ದರೆ ತಪ್ಪೂ ಗಟ್ಟಿಯಾಗುತ್ತದೆ. ಪಾಠಾಂತರಗಳು ಅಳಿಯುವುದು ಯಾರೋ ನಿಷೇಧಿಸಿದ್ದರಿಂದಲ್ಲ, ಅವು ಕಲಿಯುವವರ ಕಣ್ಣಿಗೆ ಬೀಳದಿರುವುದರಿಂದ.

೫. ಸಂಬಂಧದ ಮೇಲಿನ ಪರಿಣಾಮ

ಪಠ್ಯಕ್ಕಿಂತಲೂ ಆಳವಾದ ಪೆಟ್ಟು ಬಿದ್ದಿರುವುದು ನಂಟಿಗೆ. ಜಾಲತಾಣದ ಭಾಷೆಯಲ್ಲಿ ‘ಚಂದಾದಾರ’, ‘ಅನುಯಾಯಿ’ ಎಂಬ ಪದಗಳಿವೆ. ಇವು ಒಕ್ಕಲು ಎಂಬ ಪದಕ್ಕೆ ಸಂವಾದಿಯೆಂಬ ಭ್ರಮೆ ಹುಟ್ಟಿಸುತ್ತವೆ. ಆದರೆ ಚಂದಾದಾರನಾದ ಮಾತ್ರಕ್ಕೆ ಹೊಸ ಹಾಡು ಅವನನ್ನು ತಲಪುತ್ತದೆಂಬ ಖಾತರಿಯಿಲ್ಲ. ಒಂದು ಲಕ್ಷ ಚಂದಾದಾರರಿರುವ ಗಾಯಕಿಯ ಹೊಸ ಹಾಡನ್ನು ಅವರಲ್ಲಿ ಎಷ್ಟು ಜನರ ಮುಂದಿಡಬೇಕೆಂಬುದು ಸೂತ್ರದ ತೀರ್ಮಾನ. ಕೇಳುಗರ ಬಗ್ಗೆ ಗಾಯಕಿಗೆ ಸಿಕ್ಕುವ ಮಾಹಿತಿಯಾದರೋ ವಯಸ್ಸು, ಲಿಂಗ, ಪ್ರದೇಶಗಳ ಒಟ್ಟು ಲೆಕ್ಕ. ಟಿಪ್ಪಣಿ ಬರೆದ ಕೆಲವರನ್ನು ಬಿಟ್ಟರೆ ಉಳಿದವರು ಅಂಕಿಯಾಗಿಯೇ ಉಳಿಯುತ್ತಾರೆ. ಕೇಳುಗರ ಮುತ್ತಜ್ಜನ ಹೆಸರು ಬಲ್ಲ ಹೆಳವನಿಗೂ ಈ ಗಾಯಕಿಗೂ ಇರುವ ಅಂತರ ತಂತ್ರಜ್ಞಾನದ್ದು ಮಾತ್ರವಲ್ಲ, ಬಾಧ್ಯತೆಯದ್ದು.

ಈ ಅಂತರ ಮನಸ್ಸಿನ ಮೇಲೆ ಏನು ಮಾಡುತ್ತದೆಂಬುದಕ್ಕೆ ಅಮೆರಿಕದಲ್ಲಿ ಮೊತಹಾರೆ ಎಸ್ಲಾಮಿ ಮತ್ತು ಸಂಗಡಿಗರು ನಡೆಸಿ ೨೦೧೫ರಲ್ಲಿ ಪ್ರಕಟಿಸಿದ ಅಧ್ಯಯನ ಒಂದು ಸುಳಿವು ಕೊಡುತ್ತದೆ. ಪಾಲ್ಗೊಂಡ ೪೦ ಫೇಸ್‌ಬುಕ್ ಬಳಕೆದಾರರಲ್ಲಿ ಶೇಕಡ ೬೨.೫ರಷ್ಟು ಮಂದಿಗೆ ತಮ್ಮ ಪುಟವನ್ನು ಸೂತ್ರವೊಂದು ಸೋಸುತ್ತಿದೆಯೆಂಬುದೇ ತಿಳಿದಿರಲಿಲ್ಲ. ಸ್ನೇಹಿತರ ಬರಹಗಳು ಕಾಣದಿದ್ದಾಗ ಅವರಲ್ಲಿ ಕೆಲವರು ತಾವು ಅಷ್ಟು ಆಪ್ತರಲ್ಲವೇನೋ ಎಂದು ಭಾವಿಸಿದ್ದರು. ಯಂತ್ರದ ಆಯ್ಕೆಯು ಮನುಷ್ಯರ ನಿರ್ಲಕ್ಷ್ಯದಂತೆ ತೋರಿತ್ತು. ಕಲಾವಿದನ ಸ್ಥಿತಿಗೆ ಇದನ್ನು ಅನ್ವಯಿಸಿ ನೋಡಬಹುದು. ಕಳೆದ ತಿಂಗಳು ಕೇಳಿದ ಜನ ಈ ತಿಂಗಳು ಬಾರದಿದ್ದರೆ ಅವನು ತನ್ನ ಕಂಠವನ್ನು, ತನ್ನ ಪದವನ್ನು ಸಂಶಯಿಸುತ್ತಾನೆ. ಬಾರದವರು ಬೇಸತ್ತು ಬಾರದಾದರೋ, ಕರೆ ಮುಟ್ಟದೆ ಬಾರದಾದರೋ ಎಂಬುದು ಅವನಿಗೆ ತಿಳಿಯುವುದಿಲ್ಲ. ಬಯಲಿನಲ್ಲಿ ಎದ್ದುಹೋದ ಕೇಳುಗನ ಬೆನ್ನಾದರೂ ಕಾಣುತ್ತಿತ್ತು.

ನಂಟಿನ ಅಸ್ಥಿರತೆಗೆ ೨೦೨೦ರ ಜೂನ್ ೨೯ ದೊಡ್ಡ ನಿದರ್ಶನ. ಅಂದು ಭಾರತ ಸರಕಾರ ನಿಷೇಧಿಸಿದ ೫೯ ಆ್ಯಪ್‌ಗಳಲ್ಲಿ ಟಿಕ್‌ಟಾಕ್ ಒಂದು. ಅಲ್ಲಿ ಹಾಡಿ ಕುಣಿದು ಹೆಸರಾಗಿದ್ದವರ ಅನುಯಾಯಿ ಬಳಗವೆಲ್ಲ ಅದರೊಂದಿಗೆ ಇಲ್ಲವಾಯಿತು. ಮರುತಿಂಗಳು ಇನ್‌ಸ್ಟಾಗ್ರಾಮ್ ರೀಲ್ಸ್ ಭಾರತಕ್ಕೆ ಬಂದಿತಾದರೂ ಅಲ್ಲಿ ಮೊದಲಿನಿಂದ ಆರಂಭಿಸಬೇಕಾಯಿತು. ನಿಷೇಧದ ಕಾರಣಗಳು ಬೇರೆ. ಅವುಗಳ ಚರ್ಚೆ ಇಲ್ಲಿ ಅಪ್ರಸ್ತುತ. ಕೇಳುಗರ ಪಟ್ಟಿ ಕಲಾವಿದನ ಕೈಯಲ್ಲಿ ಎಂದೂ ಇರಲಿಲ್ಲವೆಂಬ ಸತ್ಯ ಅಂದು ಹೊರಬಿತ್ತು. ಅದೇ ವರ್ಷ ಮಾರ್ಚಿನಲ್ಲಿ ಕೋವಿಡ್‌ನಿಂದಾಗಿ ಪತ್ತನಾಜೆಗೆ ಮೊದಲೇ ತಿರುಗಾಟ ನಿಲ್ಲಿಸಿದ ಯಕ್ಷಗಾನ ಮೇಳಗಳು ಮತ್ತೆ ಗೆಜ್ಜೆ ಕಟ್ಟಿದಾಗ ಹರಕೆ ಹೊತ್ತವರು ಹರಕೆ ತೀರಿಸಲು ಕಾದಿದ್ದರು. ನಿಂತುಹೋದ ಎರಡು ನಂಟುಗಳಲ್ಲಿ ಒಂದು ಮರಳಿತು, ಇನ್ನೊಂದು ಮರಳಲಿಲ್ಲ.

ಎಣಿಕೆಯಾದರೂ ನಂಬಲರ್ಹವೇ ಎಂದರೆ ಅದೂ ಅಲ್ಲ. ೨೦೨೫ರ ಮಾರ್ಚ್ ೩೧ರಿಂದ ಯೂಟ್ಯೂಬ್ ಶಾರ್ಟ್ಸ್‌ನಲ್ಲಿ ವಿಡಿಯೊ ಆರಂಭವಾದರೂ ಸಾಕು, ಮರಳಿ ಓಡಿದರೂ ಸಾಕು, ಅದನ್ನು ಒಂದು ವೀಕ್ಷಣೆಯೆಂದು ಎಣಿಸಲಾಗುತ್ತಿದೆ. ಕನಿಷ್ಠ ಅವಧಿಯ ನಿಬಂಧನೆಯಿಲ್ಲ. ಹಾಡು ಬದಲಾಗದೆ, ಕೇಳುಗ ಬದಲಾಗದೆ, ಅಂಕಿ ಮಾತ್ರ ಬದಲಾಗುವ ಲೆಕ್ಕವಿದು. ಸಂಭಾವನೆಯ ಬಾಗಿಲಿಗೂ ಅಂಕಿಯೇ ಬೀಗದಕೈ. ಜಾಹೀರಾತಿನ ಪಾಲು ಪಡೆಯಲು ಯೂಟ್ಯೂಬ್‌ನಲ್ಲಿ ಕನಿಷ್ಠ ೧,೦೦೦ ಚಂದಾದಾರರು, ಜೊತೆಗೆ ಒಂದು ವರ್ಷದಲ್ಲಿ ೪,೦೦೦ ಗಂಟೆಗಳ ವೀಕ್ಷಣೆ ಬೇಕೆಂಬ ನಿಯಮ ೨೦೧೮ರಲ್ಲಿ ಬಂದಿತು. ಕಿರುವಿಡಿಯೊ ಮಾಡುವವರಿಗೆ ಗಂಟೆಗಳ ಬದಲು ೯೦ ದಿನಗಳಲ್ಲಿ ಒಂದು ಕೋಟಿ ವೀಕ್ಷಣೆ ಎಂಬ ಪರ್ಯಾಯ ೨೦೨೩ರಲ್ಲಿ ಸೇರಿತು. ಮೂವತ್ತು ಮನೆಗಳ ಸೋಬಾನೆಗೆ ಈ ಬಾಗಿಲು ತೆರೆಯುವುದು ಕಷ್ಟ.

೬. ಹೊಸ ನಂಬಿಕೆಗಳ ಹುಟ್ಟು

ಕಾಣದ ಶಕ್ತಿಯೊಂದು ಬದುಕನ್ನು ಆಳುವಾಗ ಅದರ ಸುತ್ತ ನಂಬಿಕೆ, ನಿಷೇಧ, ಆಚರಣೆಗಳು ಬೆಳೆಯುವುದು ಜಾನಪದದ ಸಹಜ ಧರ್ಮ. ಇಂಥ ಹೊತ್ತಿನಲ್ಲಿ ಹಾಕಿದರೆ ಓಡುತ್ತದೆ, ಇಂಥ ಪದ ಬಳಸಿದರೆ ಮುಳುಗುತ್ತದೆ, ಒಂದು ದಿನ ತಪ್ಪಿಸಿದರೆ ಸೂತ್ರ ಮುನಿಯುತ್ತದೆ, ತಿಳಿಸದೆಯೇ ತನ್ನನ್ನು ಮರೆಗೆ ತಳ್ಳಲಾಗಿದೆ ಎಂಬಂಥ ಮಾತುಗಳು ವಿಡಿಯೊ ಮಾಡುವವರ ನಡುವೆ ಲೋಕದಾದ್ಯಂತ ಹರಿದಾಡುತ್ತಿವೆ. ಇವುಗಳನ್ನು ಅಧ್ಯಯನ ಮಾಡುವವರು ‘ಜನಪದ ಸಿದ್ಧಾಂತ’ ಎಂಬ ಅರ್ಥದ ಪದದಿಂದಲೇ ಕರೆಯುತ್ತಿರುವುದು ಗಮನಾರ್ಹ. ಮಳೆಗಾಗಿ ಹರಸುವ ಆಚರಣೆಗಳೊಡನೆ ಇವುಗಳಿಗೆ ಹೋಲಿಕೆಯಿದೆ, ಭೇದವೂ ಇದೆ. ಮಳೆರಾಯನನ್ನು ಊರೆಲ್ಲ ಕೂಡಿ ಕರೆಯುತ್ತದೆ. ಸೂತ್ರವನ್ನು ಒಲಿಸಿಕೊಳ್ಳುವವನು ಒಂಟಿ; ಪಕ್ಕದ ಕಲಾವಿದ ಅವನಿಗೆ ಸಹಭಾಗಿಯಲ್ಲ, ಪ್ರತಿಸ್ಪರ್ಧಿ.

೭. ಹಳೆಯ ಯಜಮಾನಿಕೆಯ ಪ್ರಶ್ನೆ

ಮೇಲಿನ ವಿವೇಚನೆಗೆ ಒಂದು ಗಂಭೀರ ಆಕ್ಷೇಪವಿದೆ. ಹಳೆಯ ನಂಟೇನು ನಿಷ್ಕಳಂಕವಾಗಿತ್ತೇ? ಒಕ್ಕಲುತನದ ಬಾಧ್ಯತೆ ಜಾತಿಯ ಏಣಿಶ್ರೇಣಿಯ ಮೇಲೆಯೇ ನಿಂತಿತ್ತು. ಕಲಾವಿದ ಅಂಗಳದಲ್ಲಿ ಹಾಡಬಹುದಾಗಿತ್ತು, ಜಗಲಿಯ ಮೇಲೆ ಕೂರುವಂತಿರಲಿಲ್ಲ. ಕಾಣಿಕೆ ಅನೇಕ ವೇಳೆ ಭಿಕ್ಷೆಯ ರೂಪದಲ್ಲಿಯೇ ಇತ್ತು. ಅನೇಕ ರಂಗಪ್ರಕಾರಗಳಲ್ಲಿ ಹೆಣ್ಣಿಗೆ ಪ್ರವೇಶವಿರಲಿಲ್ಲ. ಪ್ರವೇಶವಿದ್ದ ಕಡೆ ಗೌರವವಿರಲಿಲ್ಲ. ಊರಿನ ಯಜಮಾನನ ಅಪ್ಪಣೆಯಿಲ್ಲದೆ, ಅಂಗಳದ ಹಂಗಿಲ್ಲದೆ ಕೈಯಲ್ಲಿರುವ ಮೊಬೈಲಿನ ಮುಂದೆ ಹಾಡಿ ಊರಾಚೆಯ ಸಾವಿರಾರು ಜನರನ್ನು ತಲಪಬಹುದಾದದ್ದು ಇಂಥವರ ಪಾಲಿಗೆ ಸಣ್ಣ ಬಿಡುಗಡೆಯಲ್ಲ. ದುಬೈಯಲ್ಲೋ ಮುಂಬಯಿಯಲ್ಲೋ ಇರುವ ಕನ್ನಡಿಗರಿಗೆ ತಮ್ಮ ಸೀಮೆಯ ಹಾಡು ಸಿಕ್ಕಿರುವುದೂ ಈ ದಾರಿಯಿಂದಲೇ. ಇದನ್ನು ಮರೆತು ಹಳೆಯದನ್ನು ಹಂಬಲಿಸುವುದು ವಿಮರ್ಶೆಯಾಗದು.

ಆದರೆ ಬಿಡುಗಡೆಯ ಬಾಗಿಲು ತೆರೆದವನೇ ಹೊಸ ಯಜಮಾನನಾಗಿದ್ದಾನೆ ಎಂಬುದೂ ಅಷ್ಟೇ ನಿಜ. ಹಳೆಯ ಯಜಮಾನನಿಗೆ ಹೆಸರಿತ್ತು, ಮುಖವಿತ್ತು. ಅವನ ಜಿಪುಣತನವನ್ನು ಹಾಡಿನಲ್ಲಿಯೇ ಲೇವಡಿ ಮಾಡಬಹುದಾಗಿತ್ತು. ಅವನ ಅನ್ಯಾಯವನ್ನು ಹೆಸರಿಟ್ಟು ಕರೆಯಲು ಸಾಧ್ಯವಾದದ್ದರಿಂದಲೇ ಅದರ ವಿರುದ್ಧ ಚಳವಳಿಗಳೂ ಹುಟ್ಟಿದವು. ಹೊಸ ಯಜಮಾನನಿಗೆ ಜಾತಿ ಕೇಳುವ ಬಾಯಿಲ್ಲದಿರಬಹುದು. ಕಾರಣ ಹೇಳುವ ಬಾಯಿಯೂ ಇಲ್ಲ. ಜೊತೆಗೆ ಜನರು ಈಗಾಗಲೇ ಏನನ್ನು ನೋಡುತ್ತಿದ್ದಾರೋ ಅದರಿಂದಲೇ ಕಲಿಯುವ ಸೂತ್ರವು ಜನರಲ್ಲಿರುವ ತಾರತಮ್ಯವನ್ನೂ ಕಲಿಯಬಲ್ಲದು ಎಂಬುದನ್ನು ಅಲ್ಲಗಳೆಯಲಾಗದು.

೮. ಉಪಸಂಹಾರ

ಈಗ ಆರಂಭದ ವಾದಕ್ಕೆ ಹಿಂದಿರುಗಬಹುದು. ಆಯ್ಕೆಸೂತ್ರವು ಸಮುದಾಯ ಸಮ್ಮತಿಯ ಹೊಸ ರೂಪವಲ್ಲ. ಸಮುದಾಯವು ಒಪ್ಪುವುದು ಅಥವಾ ಬಿಡುವುದು ಕೇಳಿದ ಮೇಲೆ. ಸೂತ್ರವು ಬಹುಪಾಲು ಹಾಡುಗಳನ್ನು ಕೇಳುಗರ ಮುಂದಿಡುವ ಮೊದಲೇ ಬಿಟ್ಟುಬಿಡುತ್ತದೆ. ಸಮುದಾಯದ ತಿರಸ್ಕಾರಕ್ಕೆ ಕಾರಣ ಕೇಳಬಹುದು, ವಾದಿಸಬಹುದು, ಹಾಡನ್ನು ತಿದ್ದಿ ಮತ್ತೆ ತರಬಹುದು. ಸೂತ್ರದ ಮೌನಕ್ಕೆ ಉತ್ತರವಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಸಮುದಾಯವು ಆರಿಸುವುದು ತನ್ನ ಮುಂದಿನ ಪೀಳಿಗೆಗೆ ಬೇಕಾದುದನ್ನು. ಸೂತ್ರವು ಆರಿಸುವುದು ಮುಂದಿನ ಕ್ಷಣದಲ್ಲಿ ಬೆರಳನ್ನು ತಡೆದು ನಿಲ್ಲಿಸುವಂಥದ್ದನ್ನು.

ಇದರಿಂದ ಜಾನಪದ ಸಂಸ್ಥೆಗಳಿಗೆ ಕೆಲವು ಕರ್ತವ್ಯಗಳು ಒದಗುತ್ತವೆ. ಪ್ರಶಸ್ತಿ, ಮಾಸಾಶನ, ಕಾರ್ಯಕ್ರಮಗಳಿಗೆ ಕಲಾವಿದರನ್ನು ಆರಿಸುವಾಗ ಜಾಲತಾಣದ ವೀಕ್ಷಣೆಯ ಅಂಕಿಯನ್ನು ಮಾನದಂಡವಾಗಿ ಒಪ್ಪಬಾರದು. ದಾಖಲೀಕರಣವು ಜನಪ್ರಿಯ ತುಣುಕುಗಳಿಗೆ ತೃಪ್ತವಾಗದೆ, ಸ್ತುತಿಯಿಂದ ಮಂಗಳದವರೆಗಿನ ಇಡೀ ಪ್ರದರ್ಶನವನ್ನು ಕೇಳುಗರ ಪ್ರತಿಕ್ರಿಯೆಯ ಸಮೇತ ಹಿಡಿದಿಡಬೇಕು. ಅದು ಯಾವ ಶ್ರೇಣಿಯ ಹಂಗೂ ಇಲ್ಲದ ಸಾರ್ವಜನಿಕ ಭಂಡಾರದಲ್ಲಿ ದೊರೆಯುವಂತಿರಬೇಕು. ಜಾಲತಾಣದಲ್ಲಿ ಹಾಡುವ ಕಲಾವಿದರು ತಮ್ಮನ್ನು ಕರೆಸುವ ಊರು, ಮನೆ, ಸಂಘಗಳ ಹೆಸರನ್ನೂ ದೂರವಾಣಿ ಸಂಖ್ಯೆಯನ್ನೂ ಸ್ವಂತ ಪುಸ್ತಕವೊಂದರಲ್ಲಿ ಬರೆದಿಟ್ಟುಕೊಳ್ಳುವುದು ಚಿಕ್ಕ ಸಂಗತಿಯೆಂದು ತೋರಿದರೂ ಚಿಕ್ಕದಲ್ಲ. ಹೆಳವರು ಹೊತ್ತಿಗೆಯಲ್ಲಿ ಕಾಯುತ್ತ ಬಂದದ್ದು ಅಂಥದೇ ಪಟ್ಟಿಯನ್ನು. ಅದು ಅವರ ಕೈಯಲ್ಲಿಯೇ ಇದ್ದುದರಿಂದ, ಒಂದು ಮನೆತನ ಊರು ಬಿಟ್ಟು ಹೋದರೂ ಹೆಳವನು ಹುಡುಕಿಕೊಂಡು ಹೋಗಬಲ್ಲವನಾಗಿದ್ದ.